ಬೊಕ್ಕಸದ ಗಂಟು, ಮನೆಯ ಗಂಟು

ಸರಕಾರಿ ಅಧಿಕಾರಿಗೆ ಪ್ರಾಮಾಣಿಕತೆಯನ್ನು ಕಲಿಸಬಹುದೇ ಎಂಬ ಪ್ರಶ್ನೆ ಆಡಳಿತಕ್ಕೆ ಸೇರಿದ್ದೆಂದು ಮೇಲ್ನೋಟಕ್ಕೆ ತೋರುತ್ತದೆ. ಅದರ ಬೇರು ಇರುವುದು ಧರ್ಮಚಿಂತನೆಯಲ್ಲಿ. ಸದ್ಗುಣ ಕಲಿಸಿ ಬರುವಂಥದ್ದೇ ಎಂದು ಪ್ಲೇಟೋ ‘ಮೆನೋ’ ಎಂಬ ಸಂವಾದದಲ್ಲಿ ಚರ್ಚಿಸಿದ. ಪಾಠಕ್ಕಿಂತ ರೂಢಿ ದೊಡ್ಡದು, ಒಳ್ಳೆಯ ಕೆಲಸವನ್ನು ಮಾಡಿ ಮಾಡಿಯೇ ಮನುಷ್ಯ ಒಳ್ಳೆಯವನಾಗಬೇಕು ಎಂಬುದು ಅವನ ಶಿಷ್ಯ ಅರಿಸ್ಟಾಟಲನ ನಿಲುವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಇದೇ ಪ್ರಶ್ನೆಯನ್ನು ದುಡಿಮೆಯ ಕಡೆಯಿಂದ ಎತ್ತಿಕೊಂಡರು.

ಇಂದಿನ ಸರಕಾರಗಳು ಕಲಿಸಬಹುದು ಎಂಬ ನಂಬಿಕೆಯ ಮೇಲೆಯೇ ನಡೆಯುತ್ತವೆ. ಎಂ. ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೆಯ ಆಡಳಿತ ಸುಧಾರಣಾ ಆಯೋಗವು 2007ರಲ್ಲಿ ಆಡಳಿತದ ನೀತಿಯನ್ನೇ ಕುರಿತು ಒಂದು ಪೂರ್ಣ ವರದಿ ಕೊಟ್ಟಿತು. ಕೇಂದ್ರ ಲೋಕಸೇವಾ ಆಯೋಗ 2013ರಲ್ಲಿ ಮುಖ್ಯ ಪರೀಕ್ಷೆಗೆ ನೀತಿಶಾಸ್ತ್ರದ ಪತ್ರಿಕೆಯೊಂದನ್ನು ಸೇರಿಸಿತು. ಕರ್ನಾಟಕದಲ್ಲಿ 1966ರ ನಡತೆ ನಿಯಮಗಳ ಜಾಗದಲ್ಲಿ 2021ರಲ್ಲಿ ಹೊಸ ನಿಯಮಗಳು ಬಂದವು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆಯಲ್ಲೂ ಬೀದರವೂ ಸೇರಿದಂತೆ ಜಿಲ್ಲೆಗಳಲ್ಲಿರುವ ತರಬೇತಿ ಸಂಸ್ಥೆಗಳಲ್ಲೂ ಹೊಸ ನೌಕರರಿಗೆ ಸೇವಾ ನಿಯಮ, ಕಡತ ನಿರ್ವಹಣೆ, ಲೆಕ್ಕಪತ್ರಗಳ ಜೊತೆಗೆ ನೀತಿಯ ಪಾಠವನ್ನೂ ಹೇಳಿಕೊಡುತ್ತಾರೆ. ಆದರೂ ಒಂದು ತೊಡಕು ಉಳಿಯುತ್ತದೆ. ಲಂಚ ತಪ್ಪೆಂದು ತಿಳಿಯದೆ ಕೈಯೊಡ್ಡಿದವರು ಯಾರೂ ಇಲ್ಲ. ತಿಳಿವಳಿಕೆಯ ಕೊರತೆ ಇಲ್ಲದ ಕಡೆ ಪಾಠ ಏನನ್ನು ತುಂಬಬೇಕು?

ಈ ಪ್ರಶ್ನೆಗೆ ಬೀದರ ಜಿಲ್ಲೆಯಷ್ಟು ಹಳೆಯ, ಅಷ್ಟೇ ಬಗೆಬಗೆಯ ಉತ್ತರಗಳನ್ನು ಕಂಡ ನೆಲ ಕರ್ನಾಟಕದಲ್ಲಿ ಕಡಿಮೆ. ಚಾಲುಕ್ಯರ ಧರ್ಮಶಾಸ್ತ್ರ, ಶರಣರ ಕಾಯಕ, ಬಹಮನಿ ವಜೀರನ ಸುಧಾರಣೆ, ನಿಜಾಮರ ಸಂಬಳದ ಆಡಳಿತ, ಔರಾದದಲ್ಲಿ ಮೊದಲು ಪರೀಕ್ಷೆಗೆ ಬಂದ ‘ಸಕಾಲ’ ಸೇವಾ ಖಾತರಿ ಯೋಜನೆ, ಇವೆಲ್ಲ ಒಂದೇ ಜಿಲ್ಲೆಯ ಗಡಿಯೊಳಗೆ ಸಿಗುತ್ತವೆ.

ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದಾಗ ವಿಜ್ಞಾನೇಶ್ವರ ಅಲ್ಲಿ ‘ಮಿತಾಕ್ಷರ’ವನ್ನು ಬರೆದ. ಅದು ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಆಸ್ತಿ ಹಂಚಿಕೆಯ ವಿಷಯದಲ್ಲಿ ಅದರ ಮಾತು ದೇಶದ ಬಹುಭಾಗದಲ್ಲಿ ಇಂದಿನವರೆಗೂ ನ್ಯಾಯಾಲಯಗಳಲ್ಲಿ ಉಲ್ಲೇಖವಾಗುತ್ತ ಬಂದಿರುವುದರಿಂದ ಅದರ ಉಳಿದ ಭಾಗಗಳು ಜನರ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ರಾಜಧರ್ಮದ ಪ್ರಕರಣದಲ್ಲಿ ಒಂದು ಕಟುವಾದ ಮಾತಿದೆ. ಕಳ್ಳರಿಂದ, ವಂಚಕರಿಂದ, ಪುಂಡರಿಂದ ಪ್ರಜೆಗಳನ್ನು ರಾಜ ಕಾಪಾಡಬೇಕು. ತನ್ನದೇ ಕಾಯಸ್ಥರಿಂದಂತೂ ವಿಶೇಷವಾಗಿ ಕಾಪಾಡಬೇಕು. ಕಾಯಸ್ಥರೆಂದರೆ ಲೆಕ್ಕಿಗರು, ಬರಹಗಾರರು ಎಂದು ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ಅರಸನ ಆಪ್ತರಾದ್ದರಿಂದ ಅವರನ್ನು ತಡೆಯುವುದು ಕಷ್ಟ ಎಂಬುದು ಅವನು ಕೊಡುವ ಕಾರಣ. ಲಂಚದಿಂದ ಬದುಕುವ ಅಧಿಕಾರಿಯ ಆಸ್ತಿಯನ್ನೆಲ್ಲ ಕಿತ್ತುಕೊಂಡು ಅವನನ್ನು ದೇಶದಿಂದ ಹೊರಗಟ್ಟಬೇಕೆಂದು ಅದೇ ಪ್ರಕರಣ ವಿಧಿಸುತ್ತದೆ. ಅಧಿಕಾರಿಗಳ ನಡತೆಯನ್ನು ಗೂಢಚಾರರ ಮೂಲಕ ತಿಳಿದು, ಒಳ್ಳೆಯವರನ್ನು ಗೌರವಿಸಿ ಕೆಟ್ಟವರನ್ನು ದಂಡಿಸಬೇಕೆಂದೂ ಹೇಳುತ್ತದೆ. ಮುಂದೆ ಅದೇ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ ಯಾವ ಹುದ್ದೆಗೆ ಎಂಥವನನ್ನು ಆರಿಸಬೇಕೆಂಬುದನ್ನು ವಿವರವಾಗಿ ಚರ್ಚಿಸುತ್ತದೆ. ಕೌಟಿಲ್ಯ ಅದಕ್ಕೂ ಶತಮಾನಗಳ ಹಿಂದೆಯೇ ಬೊಕ್ಕಸದ ಹಣ ನುಂಗುವ ನಲವತ್ತು ದಾರಿಗಳನ್ನು ಪಟ್ಟಿ ಮಾಡಿದ್ದ.

ಈ ಪರಂಪರೆಯ ತಿರುಳು ಆಯ್ಕೆ, ಕಾವಲು ಮತ್ತು ದಂಡನೆ. ಅಧಿಕಾರಿಯ ಮನಸ್ಸು ಬದಲಾದೀತೆಂಬ ಭರವಸೆ ಅದರಲ್ಲಿ ಹೆಚ್ಚೇನೂ ಇಲ್ಲ. ಅದು ಮನುಷ್ಯನನ್ನು ಸರಿಯಾಗಿಯೇ ಅಳೆದಿದೆ, ಅರ್ಧ ಮಾತ್ರ. ಗೂಢಚಾರ ಇಲ್ಲದ ಗಳಿಗೆಯಲ್ಲಿ ಅಧಿಕಾರಿ ಏನು ಮಾಡಬೇಕೆಂಬುದಕ್ಕೆ ಅದರ ಬಳಿ ಉತ್ತರವಿಲ್ಲ. ಆ ಉತ್ತರ ಅದೇ ಊರಿನಲ್ಲಿ ಮುಂದಿನ ತಲೆಮಾರುಗಳಲ್ಲಿ, ಅರಮನೆಯ ಹೊರಗೆ, ದುಡಿದು ತಿನ್ನುವವರ ನಡುವೆ ಮೂಡಿತು.

ಆ ಶರಣರಲ್ಲಿ ಒಬ್ಬಳಾದ ಸತ್ಯಕ್ಕ ಇಂದಿನ ಶಿವಮೊಗ್ಗ ಜಿಲ್ಲೆಯ ಜಂಬೂರಿನವಳು. ಅಂಗಳ ಗುಡಿಸುವುದು ಅವಳ ಕಾಯಕ. ಅವಳ ವಚನವೊಂದು ನೇರವಾಗಿ ಲಂಚವನ್ನು ಹೆಸರಿಸುತ್ತದೆ. ಅದು ಉಪದೇಶವಲ್ಲ, ಆಣೆ. ಲಂಚಕ್ಕೆ ವಂಚನೆಗೆ ಕೈಯೊಡ್ಡುವುದಿಲ್ಲ ಎಂದು ಹೇಳಿ ಅವಳು ಅಷ್ಟಕ್ಕೇ ನಿಲ್ಲುವುದಿಲ್ಲ. ದಾರಿಯಲ್ಲಿ ಹೊನ್ನೋ ಬಟ್ಟೆಯೋ ಬಿದ್ದಿದ್ದರೆ ಅದನ್ನು ಮುಟ್ಟಿ ಎತ್ತುವುದಿಲ್ಲ ಎಂದು ವಸ್ತುವನ್ನೇ ಹೆಸರಿಸುತ್ತಾಳೆ. ಏಕೆಂಬುದಕ್ಕೆ ಕಾರಣವನ್ನೂ ಕೊಡುತ್ತಾಳೆ: ದೇವರು ಇಕ್ಕಿದ ಭಿಕ್ಷೆಯಲ್ಲಿ ತಾನು ಬದುಕಿದ್ದೇನೆ. ತಪ್ಪಿದರೆ ತನಗೇನು ಶಿಕ್ಷೆಯಾಗಬೇಕೆಂಬುದನ್ನೂ ತಾನೇ ಗೊತ್ತುಮಾಡುತ್ತಾಳೆ. ಪ್ರತಿ ವರ್ಷ ಅಕ್ಟೋಬರ್ ಕೊನೆಯ ಹೊತ್ತಿಗೆ ಸರಕಾರಿ ಕಚೇರಿಗಳಲ್ಲಿ ಜಾಗೃತಿ ಸಪ್ತಾಹ ನಡೆದು, ಒಬ್ಬರು ಓದಿದ ಪ್ರತಿಜ್ಞೆಯನ್ನು ಉಳಿದವರು ಸಾಲುಗಟ್ಟಿ ನಿಂತು ಹೇಳುತ್ತಾರೆ. ಆ ಪ್ರತಿಜ್ಞೆಯಲ್ಲಿ ನಿಷ್ಠೆ, ಪಾರದರ್ಶಕತೆ ಎಂಬ ದೊಡ್ಡ ಮಾತುಗಳಿವೆ. ಸತ್ಯಕ್ಕನ ಆಣೆಯಲ್ಲಿರುವ ದಾರಿ ಇಲ್ಲ, ಬಿದ್ದ ಹೊನ್ನು ಇಲ್ಲ, ‘ನಾನು ಯಾರ ಅನ್ನ ತಿನ್ನುತ್ತಿದ್ದೇನೆ’ ಎಂಬ ಕಾರಣವೂ ಇಲ್ಲ. ನೋಂದಣಿ ಕಚೇರಿಯ ಗುಮಾಸ್ತನ ಆಣೆ ನೋಂದಣಿಯ ಮೇಜಿನ ಮೇಲೆ ಬರುವ ವಸ್ತುಗಳನ್ನು ಹೆಸರಿಸಿದರೆ, ಆಹಾರ ನಿರೀಕ್ಷಕನ ಆಣೆ ಗೋದಾಮಿನ ತೂಕವನ್ನು ಹೆಸರಿಸಿದರೆ, ಅದನ್ನು ಸುಮ್ಮನೆ ಉಚ್ಚರಿಸುವುದು ಅಷ್ಟು ಸುಲಭವಾಗಲಾರದು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗ ಇದಕ್ಕಿಂತ ಆಳವಾದದ್ದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಜೀವನ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳನ್ನು ಆಯ್ದು ನಡೆಯುತ್ತಿತ್ತು. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಅವರ ನಿಷ್ಠೆಯನ್ನು ನೋಡಲೆಂದು ಬಸವಣ್ಣನೇ ಚೆಲ್ಲಿಸಿದ್ದನೆಂದು ಕಥೆ. ಮಾರಯ್ಯ ಅದನ್ನೆಲ್ಲ ಕಟ್ಟಿಕೊಂಡು ಮನೆಗೆ ತಂದ. ಗಂಟು ನೋಡಿದ ಲಕ್ಕಮ್ಮ ಇಷ್ಟೇಕೆ ಎಂದು ಕೇಳಿದಳು. ತಮ್ಮಿಬ್ಬರಿಗೂ ದಾಸೋಹಕ್ಕೂ ಬೇಕಾದಷ್ಟನ್ನು ಇಟ್ಟುಕೊಂಡು, ಮಿಕ್ಕಿದ್ದನ್ನು ಬಿದ್ದಿದ್ದ ಜಾಗದಲ್ಲೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಈ ಕಥೆಯನ್ನು ಸಾಮಾನ್ಯವಾಗಿ ನಿರ್ಲೋಭದ ನಿದರ್ಶನವೆಂದು ಹೇಳಿ ಮುಗಿಸುತ್ತಾರೆ. ಅದರಲ್ಲಿ ಆಡಳಿತಕ್ಕೆ ಸಲ್ಲುವ ಸೂಕ್ಷ್ಮಗಳು ಇನ್ನೂ ಇವೆ. ಮಾರಯ್ಯ ಕದ್ದಿರಲಿಲ್ಲ. ಬಿದ್ದ ಅಕ್ಕಿಯನ್ನು ಆಯುವುದು ಅವನಿಗೆ ಒಪ್ಪಿತವಾದ ಕಾಯಕವೇ. ನಿಯಮದ ಪ್ರಕಾರ ನೋಡಿದರೆ ಅವನ ಮೇಲೆ ಆರೋಪ ಹೊರಿಸಲು ಏನೂ ಇಲ್ಲ. ಆದರೂ ಪ್ರಮಾಣ ಮೀರಿತ್ತು, ಮೀರಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಹುದ್ದೆಯಲ್ಲಿರುವವನ ಕಣ್ಣು ಹೀಗೆಯೇ ಮೆಲ್ಲಗೆ ಒಗ್ಗಿಕೊಳ್ಳುತ್ತದೆ: ಮೊದಲು ಹಬ್ಬಕ್ಕೆ ಬಂದ ಸಿಹಿ ಡಬ್ಬಿ, ಆಮೇಲೆ ಗುತ್ತಿಗೆದಾರನ ಕಾರಿನಲ್ಲಿ ಒಂದು ಪ್ರಯಾಣ, ಆಮೇಲೆ ಮಗಳ ಮದುವೆಗೆ ಬಂದ ಉಡುಗೊರೆ. ಯಾವ ಹಂತದಲ್ಲೂ ಅವನಿಗೆ ತಾನು ಬದಲಾದೆ ಎನಿಸುವುದಿಲ್ಲ. ಲಕ್ಕಮ್ಮನಿಗೆ ಅದು ಕಂಡಿತು, ಏಕೆಂದರೆ ಅವಳು ಅಂಗಳದಲ್ಲಿರಲಿಲ್ಲ. ಗಂಟನ್ನು ಮನೆಯ ಅಳತೆಯಲ್ಲಿ ನೋಡಿದಳು.

ಇಲ್ಲಿಯೇ ಮನೆಯ ಮಾತು ಬರುತ್ತದೆ. ಸಂಬಳದ ಜೊತೆಗೆ ಗಿಂಬಳ ಎಷ್ಟು ಎಂದು ಸಂಬಂಧ ಬೆಳೆಸುವವರು ಕೇಳುವ ಸಮಾಜದಲ್ಲಿ ಅಧಿಕಾರಿಯೊಬ್ಬನಿಗೇ ಬೋಧಿಸಿ ಫಲವಿಲ್ಲ. ನಡತೆ ನಿಯಮಗಳು ಇದನ್ನು ಒಂದು ಮಟ್ಟಿಗೆ ಕಂಡುಕೊಂಡಿವೆ. ನೌಕರ ತಾನು ಉಡುಗೊರೆ ತೆಗೆದುಕೊಳ್ಳಬಾರದು ಎಂಬುದಷ್ಟೇ ಅಲ್ಲ, ಕುಟುಂಬದವರು ತೆಗೆದುಕೊಳ್ಳಲು ಬಿಡಲೂಬಾರದು; ವರ್ಷಕ್ಕೊಮ್ಮೆ ಆಸ್ತಿ ಮತ್ತು ಸಾಲದ ವಿವರವನ್ನು ಸಲ್ಲಿಸಬೇಕು. ಈ ವಿವರಪಟ್ಟಿ ಬಹಳ ಕಡೆ ತುಂಬಿಸಿ ಕೊಟ್ಟು ಮರೆಯುವ ಕಾಗದವಾಗಿ ಉಳಿದಿದೆ. ಅದನ್ನು ತುಂಬುವ ದಿನ ಗಂಡ ಹೆಂಡತಿ ಇಬ್ಬರೂ ಕೂತು, ಈ ವರ್ಷ ಮನೆಗೆ ಬಂದದ್ದರಲ್ಲಿ ಸಂಬಳದಿಂದ ಬಾರದ್ದು ಯಾವುದು ಎಂದು ನೋಡಿದರೆ ಅದು ಲಕ್ಕಮ್ಮನ ಪ್ರಶ್ನೆಯಾಗುತ್ತದೆ. ತರಬೇತಿಗೆ ಒಂದು ದಿನವಾದರೂ ನೌಕರರ ಮನೆಯವರನ್ನು ಕರೆಯುವುದು ಅತಿರೇಕವೇನಲ್ಲ.

ಲಕ್ಕಮ್ಮನ ಇನ್ನೊಂದು ಪ್ರಸಂಗವೂ ಇದಕ್ಕೆ ಸೇರಿದ್ದೇ. ಮಾರಯ್ಯ ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕೂತಾಗ, ಕಾಯಕಕ್ಕೆ ಹೊತ್ತಾಯಿತೆಂದು ಎಬ್ಬಿಸಿದವಳು ಅವಳೇ. ನೀತಿಯ ಚರ್ಚೆ ಕೆಲಸವನ್ನು ತಡಮಾಡಿದರೆ ಆ ಚರ್ಚೆಯೇ ಲೋಪ. ಕಚೇರಿಯ ಮುಂದೆ ಜನ ಕಾಯುತ್ತಿರುವಾಗ ಭ್ರಷ್ಟಾಚಾರ ನಿರ್ಮೂಲನದ ವಿಚಾರ ಸಂಕಿರಣ ನಡೆಸುವವರು ಇದನ್ನು ನೆನೆಯಬೇಕು.

ಹುದ್ದೆಯ ಹಣವನ್ನು ಸ್ವಂತಕ್ಕೆ ಬಳಸಬಾರದು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಒಳ್ಳೆಯ ಕೆಲಸಕ್ಕೆ ಬಳಸಿದರೆ? ಇದು ನಿಜವಾಗಿ ಕಷ್ಟದ ಪ್ರಶ್ನೆ, ಇದರ ಎರಡು ದೊಡ್ಡ ಕಥೆಗಳು ಒಂದೇ ಊರಿನಿಂದ ಹೊರಟು ಬೀದರ ಸೀಮೆಗೆ ಬಂದು ಸೇರುತ್ತವೆ. ಆ ಊರು ಇಂದು ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆ, ಹಿಂದಿನ ಮಂಗಳವಾಡ. ಬಸವಣ್ಣ ಅರಸ ಬಿಜ್ಜಳನ ಬಳಿ ಕರಣಿಕನಾಗಿ, ಲೆಕ್ಕ ಬರೆಯುವ ನೌಕರನಾಗಿ, ಸೇರಿದ್ದು ಅಲ್ಲಿ ಎಂದು ಪುರಾಣಗಳು ಹೇಳುತ್ತವೆ. ಮುಂದೆ ಕಲ್ಯಾಣದಲ್ಲಿ ಅವನು ಭಂಡಾರಿಯಾದ. ಬೊಕ್ಕಸದ ಹಣವನ್ನು ಜಂಗಮರ ದಾಸೋಹಕ್ಕೆ ಸುರಿಯುತ್ತಿದ್ದಾನೆಂದು ಅವನ ಮೇಲೆ ದೂರು ಹೋಯಿತು. ಬಿಜ್ಜಳ ಲೆಕ್ಕ ಕೇಳಿದ. ಬಸವಣ್ಣ ಭಂಡಾರವನ್ನು ತೆರೆದು ಎಣಿಸಿ ತೋರಿಸಿದಾಗ ಒಂದು ಹೊನ್ನೂ ಕಡಿಮೆಯಿರಲಿಲ್ಲ.

ಸುಮಾರು ಮೂರು ಶತಮಾನಗಳ ನಂತರ ಅದೇ ಮಂಗಳವೇಢೆಯಲ್ಲಿ ದಾಮಾಜಿ ಪಂತ ಬೀದರದ ಬಹಮನಿ ಸುಲ್ತಾನನ ಅಧಿಕಾರಿಯಾಗಿದ್ದ. ಭೀಕರ ಬರ ಬಂದು ಜನ ಹಸಿವಿನಿಂದ ಸಾಯತೊಡಗಿದಾಗ ಅವನು ಸರಕಾರಿ ಕಣಜದ ಬಾಗಿಲು ತೆರೆದು ಧಾನ್ಯ ಹಂಚಿದ. ಅಪ್ಪಣೆ ಇರಲಿಲ್ಲ. ಸುದ್ದಿ ಬೀದರಕ್ಕೆ ಮುಟ್ಟಿ ಅವನನ್ನು ಹಿಡಿದು ತರಲು ಹುಕುಂ ಹೊರಟಿತು. ಅವನು ಬರುವುದರೊಳಗೆ ಪಂಢರಪುರದ ವಿಠ್ಠಲನೇ ವಿಠು ಮಹಾರ ಎಂಬ ಆಳಿನ ವೇಷದಲ್ಲಿ ಬೀದರದ ದರ್ಬಾರಿಗೆ ಬಂದು, ಧಾನ್ಯದ ಬೆಲೆಯನ್ನೆಲ್ಲ ಎಣಿಸಿಕೊಟ್ಟು, ರಸೀದಿ ಪಡೆದು ಹೋದ ಎಂದು ಭಕ್ತರ ಕಥೆ. 18ನೆಯ ಶತಮಾನದ ಮರಾಠಿ ಕವಿ ಮಹೀಪತಿ ಇದನ್ನು ‘ಭಕ್ತವಿಜಯ’ದಲ್ಲಿ ವಿಸ್ತಾರವಾಗಿ ಹೇಳಿದ್ದಾನೆ. ಗೋಲ್ಕೊಂಡದ ಸುಲ್ತಾನ ತಾನಾಷಾನ ಕಾಲದ ಭದ್ರಾಚಲ ರಾಮದಾಸನ ಕಥೆಯೂ ಇದೇ ಜಾಡಿನದು. ಕಂದಾಯದ ಹಣದಲ್ಲಿ ಗುಡಿ ಕಟ್ಟಿಸಿದ ಆ ತಹಶೀಲ್ದಾರ ಸೆರೆಮನೆ ಸೇರಿದ, ಕೊನೆಗೆ ರಾಮ ಲಕ್ಷ್ಮಣರೇ ಬಂದು ಬಾಕಿ ತೀರಿಸಿ ರಸೀದಿ ಪಡೆದರು.

ಪವಾಡವನ್ನು ನಂಬುವುದು ಬಿಡುವುದು ಬೇರೆ ಮಾತು. ಇಲ್ಲಿ ಗಮನಿಸಬೇಕಾದದ್ದು ಜನರ ಕಲ್ಪನೆ ಎಲ್ಲಿ ನಿಲ್ಲಲು ಒಪ್ಪಲಿಲ್ಲ ಎಂಬುದನ್ನು. ಅಧಿಕಾರಿ ಕರುಣಾಳು, ಉದ್ದೇಶ ಪವಿತ್ರ, ಆದ್ದರಿಂದ ಸುಲ್ತಾನ ಕ್ಷಮಿಸಿಬಿಟ್ಟ ಎಂದು ಕಥೆ ಮುಗಿಯಬಹುದಿತ್ತು. ಹಾಗೆ ಮುಗಿಯುವುದಿಲ್ಲ. ಬೊಕ್ಕಸ ತುಂಬಲೇಬೇಕು, ರಸೀದಿ ಸಿಗಲೇಬೇಕು. ದೇವರು ಭಕ್ತನನ್ನು ಬಿಡಿಸಲು ಬಂದರೂ ಲೆಕ್ಕ ಚುಕ್ತಾ ಮಾಡಿಯೇ ಬಿಡಿಸುತ್ತಾನೆ. ದಖ್ಖನ್ನಿನ ಭಕ್ತಿ ಪರಂಪರೆ ರಾಜನ ಮೇಲೆ ಎಷ್ಟೇ ಸಿಟ್ಟಿದ್ದರೂ ಸಾರ್ವಜನಿಕ ಹಣವನ್ನು ಬೇರೊಬ್ಬರ ಸೊತ್ತೆಂದೇ ಕಂಡಿತು. ಸದುದ್ದೇಶದ ಹೆಸರಿನಲ್ಲಿ ನಿಯಮ ಮುರಿಯುವವರಿಗೆ ಈ ಕಥೆಗಳು ಬೆಂಬಲವೆಂದು ಹೇಳುವವರು ಅವುಗಳ ಅರ್ಧವನ್ನು ಮಾತ್ರ ಓದಿದ್ದಾರೆ. ಹಾಗೆಂದು ದಾಮಾಜಿ ಕಣಜಕ್ಕೆ ಬೀಗ ಹಾಕಿ ಅಪ್ಪಣೆಗಾಗಿ ಕಾದಿದ್ದರೆ ಅವನನ್ನು ಯಾರೂ ಸಂತನೆನ್ನುತ್ತಿರಲಿಲ್ಲ. ತನ್ನ ತಲೆಯನ್ನು ಒತ್ತೆಯಿಟ್ಟು, ಬಹಿರಂಗವಾಗಿ, ಲೆಕ್ಕ ಕೇಳಿದಾಗ ಬರುತ್ತೇನೆಂದು ಒಪ್ಪಿ ಮಾಡಿದ್ದರಿಂದ ಅವನ ಕೃತ್ಯ ಭ್ರಷ್ಟಾಚಾರದಿಂದ ಬೇರೆಯಾಗಿ ನಿಲ್ಲುತ್ತದೆ.

ಇದು ಇಂದಿನ ತರಬೇತಿ ಕೋಣೆಯಲ್ಲಿ ಇಡಬಹುದಾದ ಪ್ರಶ್ನೆಯೂ ಹೌದು. ಮಾಂಜ್ರಾ ನದಿ ಉಕ್ಕಿ ಭಾಲ್ಕಿ, ಔರಾದ ತಾಲ್ಲೂಕುಗಳ ಹೊಲಗಳಲ್ಲಿ ತೊಗರಿ, ಸೋಯಾ ಕೊಳೆತುಹೋಗಿವೆ ಎಂದಿಟ್ಟುಕೊಳ್ಳೋಣ. ಬೆಳೆ ಪರಿಹಾರ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಒಬ್ಬ ವಿಧವೆ ಹತ್ತು ವರ್ಷದಿಂದ ಆ ಹೊಲ ಉಳುತ್ತಿದ್ದಾಳೆ, ಪಹಣಿ ಮಾತ್ರ ತೀರಿಹೋದ ಮಾವನ ಹೆಸರಿನಲ್ಲೇ ಇದೆ. ಬೇರೊಬ್ಬರ ಖಾತೆಗೆ ಹಣ ಹಾಕಿಸಿ ಅವಳಿಗೆ ಕೊಡಿಸಿದರೆ ಅಧಿಕಾರಿ ದಯಾವಂತನೆನಿಸುತ್ತಾನೆ. ನಾಳೆ ಅದೇ ಕಳ್ಳದಾರಿಯಲ್ಲಿ ದಲ್ಲಾಳಿ ನಡೆದು ಬರುತ್ತಾನೆ. ನಿಯಮವಿಲ್ಲ ಎಂದು ಕೈತೊಳೆದುಕೊಂಡರೆ ಅಧಿಕಾರಿ ಶುದ್ಧ, ವಿಧವೆ ಬರಿಗೈ. ದಾಮಾಜಿಯ ದಾರಿ ಮೂರನೆಯದು: ಪೌತಿ ಖಾತೆಯ ಅರ್ಜಿಯನ್ನು ತಾನೇ ಬರೆಸಿಕೊಂಡು, ಅದನ್ನು ಎಲ್ಲಕ್ಕಿಂತ ಮುಂದೆ ಎತ್ತಿಕೊಂಡು, ಇಷ್ಟು ಸಂತ್ರಸ್ತರು ಇಂಥ ಕಾರಣಕ್ಕೆ ಹೊರಗುಳಿದಿದ್ದಾರೆ ಎಂದು ಕಡತದಲ್ಲಿ ಕಾರಣ ಸಹಿತ ಬರೆದು, ಸಹಿ ಹಾಕಿ, ಮೇಲಿನವರಿಗೆ ಕಳಿಸುವುದು. ಇದಕ್ಕೆ ಹೆಚ್ಚು ದುಡಿಮೆ ಬೇಕು, ಸ್ವಲ್ಪ ಧೈರ್ಯವೂ ಬೇಕು. ನೀತಿಯ ತರಬೇತಿಯಲ್ಲಿ ನಿಜವಾಗಿ ಅಭ್ಯಾಸ ಮಾಡಿಸಬೇಕಾದದ್ದು ಈ ಬರವಣಿಗೆಯನ್ನು.

ಬರವಣಿಗೆಯ ಮಾತು ಬಂದಾಗ ಬೀದರದಲ್ಲಿ ಮಹಮೂದ್ ಗವಾನನ ಹೆಸರು ತಾನಾಗಿ ಬರುತ್ತದೆ. ಇರಾನಿನ ಗೀಲಾನದಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದ ಅವನು 1472ರಲ್ಲಿ ಕಟ್ಟಿಸಿದ ಮದರಸಾ ಊರಿನ ನಡುವೆ ಇಂದಿಗೂ ನಿಂತಿದೆ. ಅದನ್ನು ಅಧಿಕಾರಿಗಳಿಗೆಂದೇ ಕಟ್ಟಿದ್ದಲ್ಲ. ಆದರೆ ಅವನು ಬರೆದ ‘ಮನಾಜಿರುಲ್ ಇನ್ಶಾ’ ಪತ್ರಲೇಖನ ಕಲೆಯ ಕೈಪಿಡಿ, ದರ್ಬಾರಿನ ಬರಹಗಾರರಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು. ಆಡಳಿತದಲ್ಲಿ ಅವನು ಮಾಡಿದ ಬದಲಾವಣೆಗಳು ಇನ್ನೂ ಮುಖ್ಯ. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟಾಗಿ ಒಡೆದ. ಪ್ರಾಂತದ ಕೋಟೆಗಳೆಲ್ಲ ಅದರ ಅಧಿಪತಿಯಾದ ತರಫದಾರನ ಕೈಯಲ್ಲಿದ್ದದ್ದನ್ನು ತಪ್ಪಿಸಿ ಒಂದನ್ನು ಮಾತ್ರ ಬಿಟ್ಟ. ಭೂಮಿಯನ್ನು ಅಳತೆ ಮಾಡಿಸಿದ. ಇಷ್ಟು ಸೈನಿಕರೆಂದು ಲೆಕ್ಕ ತೋರಿಸಿ ಹಣ ಪಡೆದು ಅಷ್ಟು ಜನರನ್ನು ಇಟ್ಟುಕೊಳ್ಳದ ಸರದಾರರಿಂದ ಕಡಿಮೆ ಬಿದ್ದ ತಲೆಗಳ ಹಣವನ್ನು ಮುರಿದುಕೊಳ್ಳುವ ಪದ್ಧತಿ ತಂದ. ಇಲ್ಲದ ಕೂಲಿಕಾರರ ಹೆಸರಿನಲ್ಲಿ ಹಾಜರಿ ಪಟ್ಟಿ ಬರೆಯುವುದು ಇಂದಿನ ರೋಗ ಮಾತ್ರವಲ್ಲ.

ಇದರಿಂದ ಪೆಟ್ಟು ತಿಂದವರು ಸುಮ್ಮನಿರಲಿಲ್ಲ. ಗವಾನನ ಮೊಹರು ಕಾಯುತ್ತಿದ್ದ ಆಳಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡು, ಅದರ ಮೇಲೆ ಒರಿಸ್ಸಾದ ರಾಜನಿಗೆ ಬರೆದಂತೆ ದ್ರೋಹದ ಪತ್ರ ಸೃಷ್ಟಿಸಿದರು. ಮೂರನೆಯ ಮಹಮದ್ ಷಾ ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ಎಪ್ಪತ್ತು ದಾಟಿದ ಆ ವಜೀರನ ತಲೆ ತೆಗೆಸಿದ. ಅವನ ಅಪಾರ ಸಂಪತ್ತನ್ನು ವಶಪಡಿಸಿಕೊಳ್ಳಲು ಹೋದವರಿಗೆ ಸಿಕ್ಕಿದ್ದು ತೀರ ಅಲ್ಪ. ಇತಿಹಾಸಕಾರ ಫಿರಿಶ್ತಾ ಹೇಳುವಂತೆ, ಗವಾನನ ಖಜಾಂಚಿ ಎರಡು ಪ್ರತ್ಯೇಕ ಖಜಾನೆಗಳ ಲೆಕ್ಕ ತೋರಿಸಿದ: ಸೈನ್ಯ, ಆನೆ, ಕುದುರೆಗಳ ಖರ್ಚಿಗೆ ರಾಜನ ಹೆಸರಿನದು ಒಂದು, ಬಡವರ ಹೆಸರಿನದು ಇನ್ನೊಂದು. ವಜೀರನ ಸ್ವಂತ ಊಟದ ಖರ್ಚು ಅವನ ವ್ಯಾಪಾರದ ಬಂಡವಾಳದಿಂದ ನಡೆಯುತ್ತಿತ್ತು. ಸುಲ್ತಾನ ಪಶ್ಚಾತ್ತಾಪಪಟ್ಟು ವರ್ಷದೊಳಗೆ ತೀರಿಕೊಂಡ, ರಾಜ್ಯವೂ ಒಡೆಯಿತು.

ಗವಾನನ ಅಂತ್ಯ ನೀತಿಪಾಠದ ಒಂದು ದೌರ್ಬಲ್ಯವನ್ನು ಬಯಲಿಗೆಳೆಯುತ್ತದೆ. ಮನೆಯ ಗಂಟನ್ನೂ ಬೊಕ್ಕಸದ ಗಂಟನ್ನೂ ಅವನಷ್ಟು ನಿಚ್ಚಳವಾಗಿ ಬೇರ್ಪಡಿಸಿದವರು ಅಪರೂಪ. ಅದು ಅವನನ್ನು ಉಳಿಸಲಿಲ್ಲ, ಏಕೆಂದರೆ ಅವನ ಲೆಕ್ಕವನ್ನು ಕೇಳುವವರು ತಲೆ ಹೋದ ಮೇಲೆ ಕೇಳಿದರು. ಸಂವಿಧಾನದ 311ನೆಯ ವಿಧಿ ಸರಕಾರಿ ನೌಕರನನ್ನು ಆರೋಪ ತಿಳಿಸದೆ, ಅವನ ಮಾತು ಕೇಳದೆ ವಜಾ ಮಾಡಬಾರದು ಎನ್ನುತ್ತದೆ. ಭ್ರಷ್ಟರಿಗೆ ಇದು ಗುರಾಣಿಯಾಗಿದೆ ಎಂಬ ದೂರು ಸುಳ್ಳಲ್ಲ, ವಿಚಾರಣೆಗಳು ವರ್ಷಗಟ್ಟಲೆ ಎಳೆಯುತ್ತವೆ. ಆದರೆ ಮೊದಲು ಅದು ಬೇಕಾದದ್ದು ಗವಾನನಂಥವರಿಗೆ. ಬಲವಂತರ ಗಂಟಿಗೆ ಕೈಹಾಕಿದ ಅಧಿಕಾರಿಯನ್ನು ಆರು ತಿಂಗಳಿಗೊಮ್ಮೆ ವರ್ಗಾಯಿಸುವ ವ್ಯವಸ್ಥೆ ಅವನಿಗೆ ಎಷ್ಟು ನೀತಿ ಕಲಿಸಿದರೂ ಉಳಿದವರಿಗೆ ಬೇರೆಯದೇ ಪಾಠ ಕಲಿಸುತ್ತದೆ.

ನಿಜಾಮರ ಆಳ್ವಿಕೆಯ ಬಗ್ಗೆ ಇಲ್ಲಿ ಒಂದೇ ಸಂಗತಿ ಸಾಕು. 1853ರಲ್ಲಿ ಮೊದಲನೆಯ ಸಾಲಾರ್ ಜಂಗ್ ದಿವಾನನಾಗುವ ಹೊತ್ತಿಗೆ ಕಂದಾಯ ವಸೂಲಿ ಗುತ್ತಿಗೆಯ ವ್ಯವಹಾರವಾಗಿತ್ತು. ಸರಕಾರಕ್ಕೆ ಗೊತ್ತಾದ ಮೊತ್ತ ಕಟ್ಟುವವನು ರೈತನಿಂದ ಹಿಂಡಿದಷ್ಟೂ ಅವನದೇ. ಸಾಲಾರ್ ಜಂಗ್ ಆ ಗುತ್ತಿಗೆದಾರರ ಜಾಗದಲ್ಲಿ ಸಂಬಳದ ತಾಲೂಕದಾರರನ್ನು ತಂದು, 1865ರಲ್ಲಿ ಜಿಲ್ಲಾಬಂದಿ, ಅಂದರೆ ಜಿಲ್ಲೆಗಳ ವಿಂಗಡಣೆ, ಮಾಡಿ ಆಡಳಿತಕ್ಕೆ ಗೊತ್ತಾದ ಅಂಗಗಳನ್ನು ಕೊಟ್ಟ. ಹುದ್ದೆ ಲಾಭದ ಗುತ್ತಿಗೆಯಲ್ಲ ಎಂಬ ತಿಳಿವಳಿಕೆ ಇಲ್ಲಿ ಆಡಳಿತದ ಏರ್ಪಾಡಾಗಿ ಬಂದದ್ದು ಆಗ. ಹುದ್ದೆ ಪಡೆಯಲು ಇಲ್ಲವೇ ಒಳ್ಳೆಯ ಜಾಗಕ್ಕೆ ವರ್ಗಾವಣೆ ಪಡೆಯಲು ಹಣ ಕೊಟ್ಟವನು ಇಂದು ಮತ್ತೆ ಗುತ್ತಿಗೆದಾರನೇ ಆಗುತ್ತಾನೆ; ಹಾಕಿದ ಬಂಡವಾಳವನ್ನು ಮೊದಲು ತೆಗೆಯುತ್ತಾನೆ. ಅಂಥವನನ್ನು ಮೂರು ದಿನದ ನೀತಿ ಶಿಬಿರಕ್ಕೆ ಕಳಿಸುವುದರಿಂದ ಆಗುವುದೇನೂ ಇಲ್ಲ.

1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಲೋಕಾಯುಕ್ತದ ಕಾಯ್ದೆ (1984), ಭ್ರಷ್ಟಾಚಾರ ತಡೆ ಕಾಯ್ದೆ (1988) ಇವೆಲ್ಲ ಅದಕ್ಕೂ ಅನ್ವಯವಾದವು. 2016ರಲ್ಲಿ ರಾಜ್ಯ ಸರಕಾರ ಲೋಕಾಯುಕ್ತ ಪೊಲೀಸರ ಅಧಿಕಾರ ತೆಗೆದು ಭ್ರಷ್ಟಾಚ‍ಾರ ನಿಗ್ರಹ ದಳ ರಚಿಸಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಲಂಚ ಪಡೆಯುವವರನ್ನು ಹಿಡಿಯಲು ನಡೆಸುವ, ಟ್ರ್ಯಾಪ್ ಎಂದು ಎಲ್ಲರೂ ಕರೆಯುವ ಕಾರ್ಯಾಚರಣೆಯ ವಿಧಾನ ಸರಳ. ದೂರುದಾರ ಕೊಡುವ ನೋಟುಗಳಿಗೆ ಫಿನಾಫ್ಥಲೀನ್ ಪುಡಿ ಸವರಿರುತ್ತಾರೆ. ಹಣ ಮುಟ್ಟಿದ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ಬಣ್ಣವಿಲ್ಲದ ನೀರು ಗುಲಾಬಿಯಾಗುತ್ತದೆ. ಆ ನೀರನ್ನು ಬಾಟಲಿಯಲ್ಲಿ ಮುಚ್ಚಿ ಮೊಹರು ಮಾಡಿ ಪಂಚರ ಸಹಿ ಪಡೆಯುತ್ತಾರೆ. ಈ ಪಂಚರು ಸಾಮಾನ್ಯವಾಗಿ ಬೇರೆ ಇಲಾಖೆಯ ಸರಕಾರಿ ನೌಕರರೇ. ತನ್ನಂಥದೇ ಕುರ್ಚಿಯಲ್ಲಿ ಕೂತವನ ಕೈ ಕಣ್ಣೆದುರೇ ಬಣ್ಣಕ್ಕೆ ತಿರುಗುವುದನ್ನು ನೋಡಿ ಬಂದ ಪಂಚನಿಗೆ ಆದ ತರಬೇತಿ ಯಾವ ಉಪನ್ಯಾಸದಲ್ಲೂ ಸಿಗುವಂಥದ್ದಲ್ಲ.

ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಿಂದ ಲಂಚ ಕೊಟ್ಟವನೂ ಅಪರಾಧಿಯಾದ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟು ಪಾರಾಗಬಹುದು. ತತ್ತ್ವದ ದೃಷ್ಟಿಯಿಂದ ಇದು ಚರ್ಚಾಸ್ಪದ. ಬಂಗಲೆಯ ನಕ್ಷೆಗೆ ಅಡ್ಡದಾರಿಯಲ್ಲಿ ಒಪ್ಪಿಗೆ ಕೊಂಡವನೂ, ವಿಧವಾ ವೇತನದ ಕಾಗದಕ್ಕಾಗಿ ಚಹಾ ಖರ್ಚೆಂದು ನೂರು ರೂಪಾಯಿ ಕೊಟ್ಟ ಅಜ್ಜಿಯೂ ಒಂದೇ ತಕ್ಕಡಿಯಲ್ಲಿ ಕೂರುವುದು ನ್ಯಾಯವೆನಿಸುವುದಿಲ್ಲ. ಏಳು ದಿನದ ಅವಕಾಶ ಇದೆಯೆಂಬುದೇ ಅಜ್ಜಿಗೆ ತಿಳಿದಿರುವುದಿಲ್ಲ.

ಆ ಅಜ್ಜಿ ಕೊಟ್ಟದ್ದು ಸೇವೆಗಲ್ಲ, ತಡೆ ನಿವಾರಣೆಗೆ. ಕಚೇರಿಯ ಲಂಚದಲ್ಲಿ ದೊಡ್ಡ ಪಾಲು ಹೀಗೆ ಕಾಲದ ಬೆಲೆ. ಕರ್ನಾಟಕದಲ್ಲಿ ಇದನ್ನು ಅರಿತು ನಡೆಸಿದ ಎರಡು ಪ್ರಯೋಗಗಳಿವೆ. ಮೊದಲನೆಯದು ‘ಭೂಮಿ’. 2000ದ ಆಸುಪಾಸಿನವರೆಗೆ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡತೊಡಗಿದರು. ಎರಡನೆಯದು ‘ಸಕಾಲ’. 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆಯ ಈ ಯೋಜನೆಯನ್ನು 2012ರ ಮಾರ್ಚ್‌ನಲ್ಲಿ ಮೊದಲು ಪ್ರಯೋಗಕ್ಕೆ ತಂದದ್ದು ನಾಲ್ಕು ತಾಲ್ಲೂಕುಗಳಲ್ಲಿ: ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು. ಏಪ್ರಿಲ್ 2ರಂದು ಇಡೀ ರಾಜ್ಯಕ್ಕೆ 151 ಸೇವೆಗಳೊಂದಿಗೆ ವಿಸ್ತರಣೆಯಾಯಿತು. ಅರ್ಜಿ ಕೊಟ್ಟವನಿಗೆ ಸಂಖ್ಯೆಯುಳ್ಳ ಸ್ವೀಕೃತಿ ಚೀಟಿ, ಅದರ ಮೇಲೆ ಕೆಲಸ ಮುಗಿಯಬೇಕಾದ ದಿನಾಂಕ. ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ, ಅದು ತಪ್ಪಿತಸ್ಥ ನೌಕರನ ಸಂಬಳದಿಂದ.

ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ತಾಗಿಕೊಂಡ, ರಾಜ್ಯದ ತುತ್ತತುದಿಯ ಔರಾದಿನಲ್ಲಿ ಈ ಪರೀಕ್ಷೆ ನಡೆದದ್ದು ಸಣ್ಣ ಮಾತಲ್ಲ. ಇಪ್ಪತ್ತು ರೂಪಾಯಿ ಯಾರನ್ನೂ ಬಡವರನ್ನಾಗಿ ಮಾಡುವುದಿಲ್ಲ. ತಡವನ್ನು ಅದೃಷ್ಟವೆಂದು ಅನುಭವಿಸುತ್ತಿದ್ದ ಅರ್ಜಿದಾರನಿಗೆ ತಡ ಒಂದು ಲೋಪವೆಂದು ಗೊತ್ತಾಯಿತು. ನೌಕರನ ಮೇಜಿನ ಮೇಲೆ ಕಾಗದ ಎಷ್ಟು ದಿನದಿಂದ ಮಲಗಿದೆ ಎಂದು ಇನ್ನೊಬ್ಬರಿಗೆ ಕಾಣುವಂತಾಯಿತು. ಇದರ ಮಿತಿಯೂ ಅಷ್ಟೇ ಸ್ಪಷ್ಟ. ಅವಧಿ ಮುಗಿಯುವ ಮುನ್ನ ಏನಾದರೊಂದು ನೆಪದಿಂದ ಅರ್ಜಿ ತಿರಸ್ಕರಿಸಿದರೆ ಯಂತ್ರದ ಲೆಕ್ಕದಲ್ಲಿ ಕೆಲಸ ಸಕಾಲಕ್ಕೆ ಮುಗಿದಂತೆ. ಆ ಕ್ಷಣದಲ್ಲಿ ಕಾಯುವುದು ನೌಕರನ ಮನಸ್ಸು ಮಾತ್ರ. ಸತ್ಯಕ್ಕನ ಆಣೆ ಬೇಕಾಗುವುದು ಅಲ್ಲಿ.

ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ಪದರವಿದೆ. ಔರಾದ, ಭಾಲ್ಕಿಗಳಲ್ಲಿ ಮನೆಮಾತು ಮರಾಠಿ, ಉರ್ದು, ಲಂಬಾಣಿ ಆಗಿರುವವರು ಬಹಳ. ಅರ್ಜಿ ನಮೂನೆ, ತಿರಸ್ಕಾರದ ಹಿಂಬರಹ ಕನ್ನಡದಲ್ಲಿ. ಓದಲಾರದವನಿಗೂ ಮೇಜಿಗೂ ನಡುವೆ ಏಜೆಂಟ್ ಒಬ್ಬ ಹುಟ್ಟಿಕೊಳ್ಳುತ್ತಾನೆ, ಸರಕಾರಿ ಶುಲ್ಕ ಯಾವುದು ತನ್ನದು ಯಾವುದು ಎಂದು ಅವನು ಬಿಡಿಸಿ ಹೇಳುವುದಿಲ್ಲ. ಇಲ್ಲಿಗೆ ಬರುವ ನೌಕರನಿಗೆ ಎರಡು ಮಾತು ಮರಾಠಿ, ಎರಡು ಮಾತು ದಖನಿ ಉರ್ದು ಕಲಿಸುವುದು ಭಾಷಾಭಿಮಾನಕ್ಕೆ ಕೊರತೆ ತರುವಂಥದ್ದಲ್ಲ, ಅದು ಭ್ರಷ್ಟಾಚಾರ ತಡೆಯ ತರಬೇತಿಯೇ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು, ಆಳುವವರ ಭಾಷೆ ಬಾರದವನ ಕಷ್ಟವನ್ನು ಈ ಸೀಮೆಗೆ ಚೆನ್ನಾಗಿ ತೋರಿಸಿಕೊಟ್ಟಿದ್ದಾರೆ.

2024ರ ಜನವರಿಯಲ್ಲಿ ರಾಜ್ಯ ಸರಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿ, ಸರಕಾರಿ ಕಚೇರಿಗಳಲ್ಲಿ ಅವನ ಭಾವಚಿತ್ರ ಹಾಕಲು ಆದೇಶಿಸಿತು. ಗೋಡೆಯ ಮೇಲೆ ಬಂದವನು ದಾರ್ಶನಿಕನಷ್ಟೇ ಅಲ್ಲ, ಲೆಕ್ಕ ಬರೆಯುವ ಕೆಲಸದಿಂದ ಬೊಕ್ಕಸದ ಅಧಿಕಾರದವರೆಗೆ ಏರಿದ ಸರಕಾರಿ ನೌಕರ, ತನಿಖೆಗೆ ಒಳಗಾದವನು, ಕೇಳಿದಾಗ ಭಂಡಾರದ ಬಾಗಿಲು ತೆಗೆದವನು. ಈ ಅಂಶ ತರಬೇತಿಯ ಪಾಠಗಳಲ್ಲಿ ಬಂದರೆ ಚಿತ್ರಕ್ಕೆ ಬೆಲೆ ಬರುತ್ತದೆ.

ಭಂಡಾರದ ಬಾಗಿಲು ತೆಗೆಯುವ ಅಭ್ಯಾಸಕ್ಕೆ ಹೊಸ ವ್ಯವಸ್ಥೆ ಹುಡುಕಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಜಮಾಬಂದಿ ನಡೆಯಬೇಕೆಂಬ ನಿಯಮವಿದೆ: ನಗದು ಪುಸ್ತಕ, ವೋಚರು, ಕಾಮಗಾರಿ ಕಡತಗಳನ್ನು ಊರವರ ಮುಂದಿಟ್ಟು, ಆಗಿದೆ ಎಂದು ಬರೆದ ಚರಂಡಿಯನ್ನೂ ರಸ್ತೆಯನ್ನೂ ಹೋಗಿ ನೋಡುವುದು. ಉದ್ಯೋಗ ಖಾತರಿಗೆ 2005ರ ಕಾಯ್ದೆ ಗ್ರಾಮಸಭೆಯ ಸಾಮಾಜಿಕ ಪರಿಶೋಧನೆಯನ್ನು ಕಡ್ಡಾಯ ಮಾಡಿತು; ಅಲ್ಲಿ ಹಾಜರಿ ಪಟ್ಟಿಯ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಬಹಳ ಕಡೆ ಇವು ಚಹಾ ಕುಡಿದು ಸಹಿ ಮಾಡುವಷ್ಟಕ್ಕೆ ಮುಗಿಯುತ್ತವೆ. ಹೊಸದಾಗಿ ಸೇರಿದ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಗ್ರಾಮ ಆಡಳಿತ ಅಧಿಕಾರಿ, ಕಿರಿಯ ಎಂಜಿನಿಯರುಗಳ ತರಬೇತಿಯಲ್ಲಿ ಒಂದು ಪೂರ್ಣ ಜಮಾಬಂದಿಯನ್ನು ಬೇರೆ ತಾಲ್ಲೂಕಿನಲ್ಲಿ ಕೂತು ನೋಡುವುದು, ಇನ್ನೊಂದರಲ್ಲಿ ತಾವೇ ನಿಂತು ಉತ್ತರ ಹೇಳುವುದು ಸೇರಬೇಕು. ಎದುರಿಗೆ ಕೂತವರು ಮರಾಠಿಯಲ್ಲಿ ಕೇಳಿದರೆ ಮರಾಠಿಯಲ್ಲಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ. ಸಿಮೆಂಟಿನ ಚೀಲಗಳು ಎಷ್ಟು, ಯಾರ ಗಾಡಿಯಲ್ಲಿ ಬಂದವು, ರಸೀದಿ ಎಲ್ಲಿದೆ ಎಂಬ ಪ್ರಶ್ನೆಗಳಿಗೆ, ಪುಸ್ತಕ ತೆರೆದಿಟ್ಟುಕೊಂಡು.